ಕಾಂಪೌಂಡಿನ ಗ್ಯಾಸ್ ಟ್ಯಾಂಕಿಗೆ ಯಜಮಾನಿ ಯಾರು?

“ಅತ್ತಿಗೆ, ಮನೆ ಎಲ್ಲಾ ರೀತೀಲೂ ಹಿಡಿಸಿದೆ. ಆದ್ರೆ ಬಾಲ್ಕನಿಗೆ ಬಂದು ನಿಂತ್ರೆ ಎದುರಿಗೇ ಗ್ಯಾಸ್ ಟ್ಯಾಂಕ್! ಏನ್ ಮಾಡ್ಲಿ?”

ಕಳೆದ ವರ್ಷ ನನ್ನ ನಾದಿನಿ ಫೋನ್ ಮಾಡಿ ಹೀಗೆ ಕೇಳಿದಾಗ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ವೈಟ್‌ಫೀಲ್ಡ್ ಕಡೆಯ ಆರು ವರ್ಷ ಹಳೆಯ ಅಪಾರ್ಟ್‌ಮೆಂಟ್ ಅದು. ನೆಲಮಹಡಿಯ ಮನೆ, ಮುಂದೆ ಅಂಗೈಯಗಲದ ತೋಟ, ಮಕ್ಕಳ ಸ್ಕೂಲ್ ಬಸ್ ಗೇಟಿಗೇ ಬರುತ್ತೆ. ಮಾರುವವರು ವಿದೇಶಕ್ಕೆ ಹೊರಟಿದ್ದರಿಂದ ಬೆಲೆಯೂ ಸ್ವಲ್ಪ ಕಡಿಮೆ. ತಂತಿಬೇಲಿ ಹಾಕಿದ ಆ ಬಿಳಿ ಟ್ಯಾಂಕ್, ಅದರ ಪಕ್ಕದಲ್ಲೇ ಮಕ್ಕಳ ಜಾರುಬಂಡೆ. “ಎಲ್ರೂ ಇರ್ತಾರಲ್ಲೇ, ನಿನಗೊಬ್ಬಳಿಗೇನು ಭಯ” ಅಂತ ಅವಳ ಗಂಡ. “ಒಂದ್ಸಲ ಇ.ಎಂ.ಐ. ಶುರುವಾದ್ರೆ 20 ವರ್ಷ ಅಲ್ಲೇ ಇರ್ಬೇಕು ಅತ್ತಿಗೆ” ಅಂತ ಇವಳು.

ಇಬ್ಬರ ಮಾತೂ ಸುಳ್ಳಲ್ಲ. ಮನೆ ಕೊಳ್ಳುವಾಗ ನಾವು ಹೆಂಗಸರು ವಾಸ್ತು ನೋಡ್ತೀವಿ, ನೀರು ಕಾವೇರಿನಾ ಬೋರ್‌ವೆಲ್ಲಾ ಕೇಳ್ತೀವಿ, ಅಡುಗೆಮನೆಗೆ ಯುಟಿಲಿಟಿ ಇದೆಯಾ ಅಂತ ಇಣುಕ್ತೀವಿ. ಆದರೆ ಅಡುಗೆಮನೆಗೆ ಬರುವ ಗ್ಯಾಸ್ ಎಲ್ಲಿಂದ ಬರುತ್ತೆ, ಅದನ್ನು ನೋಡಿಕೊಳ್ಳೋರು ಯಾರು ಅಂತ ಕೇಳೋದು ಅಪರೂಪ. ನಾದಿನಿಗಾಗಿ ಒಂದಿಷ್ಟು ಓದಿ, ತಿಳಿದವರನ್ನು ಕೇಳಿ ಕಲೆಹಾಕಿದ್ದನ್ನು ನಿಮ್ಮೆದುರು ಇಡುತ್ತಿದ್ದೇನೆ. ಇಂಥದ್ದೇ ಗೊಂದಲ ನಿಮ್ಮಲ್ಲೂ ಕೆಲವರಿಗೆ ಇರಬಹುದು.

ಟ್ಯಾಂಕ್ ಬಂದದ್ದು ಹೇಗೆ?

ಐ.ಟಿ. ಕಂಪನಿಗಳ ಹಿಂದೆಯೇ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಸುತ್ತ ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದವು. ಹತ್ತನೇ ಮಹಡಿಗೆ ಸಿಲಿಂಡರ್ ಹೊತ್ತು ತರೋದು, ದಿನಕ್ಕೆ ಹತ್ತಾರು ಮನೆಗೆ ಗ್ಯಾಸ್‌ನವನು ಓಡಾಡೋದು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದ ಮನೆಗೆ ಬೀಗ... ಇದೆಲ್ಲ ಬೇಡವೆಂದು ಬಿಲ್ಡರುಗಳು ಒಂದು ಮೂಲೆಯಲ್ಲಿ ಗ್ಯಾಸ್ ಇಟ್ಟು ಪೈಪಿನಲ್ಲಿ ಮನೆಮನೆಗೆ ಕೊಡತೊಡಗಿದರು.

ಇದರಲ್ಲಿ ಎರಡು ಬಗೆ. ಒಂದು ‘ಗ್ಯಾಸ್ ಬ್ಯಾಂಕ್’: ಒಂದು ಶೆಡ್ಡಿನಲ್ಲಿ ದೊಡ್ಡ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಪೈಪಿಗೆ ಜೋಡಿಸಿರುತ್ತಾರೆ. ಒಂದು ಸಾಲು ಖಾಲಿಯಾದರೆ ಇನ್ನೊಂದು ಸಾಲಿನಿಂದ ಗ್ಯಾಸ್ ಬರುತ್ತದೆ. ಇನ್ನೊಂದು ‘ಬುಲೆಟ್ ಟ್ಯಾಂಕ್’: ಕ್ಯಾಪ್ಸೂಲ್ ಆಕಾರದ ದೊಡ್ಡ ಉಕ್ಕಿನ ಟ್ಯಾಂಕ್. ಇದಕ್ಕೆ ಟ್ಯಾಂಕರ್ ಲಾರಿ ಬಂದು ಗ್ಯಾಸ್ ತುಂಬಿಸಿ ಹೋಗುತ್ತದೆ. ಕೆಲವು ಕಡೆ ಇದನ್ನು ಮಣ್ಣಿನಡಿ ಹೂತಿರುತ್ತಾರೆ. ನೋಡಲು ಕಾಣಿಸದಿದ್ದರೆ ಟ್ಯಾಂಕ್ ಇಲ್ಲ ಅಂದುಕೊಳ್ಳಬೇಡಿ.

ಸ್ವಲ್ಪ ಲೆಕ್ಕ ಹಾಕೋಣ

ಟ್ಯಾಂಕ್ ನೋಡಿದ ಕೂಡಲೇ ಎದೆ ಝಲ್ಲೆನ್ನೋದು ಸಹಜ. ಆದರೆ ಒಂದು ಲೆಕ್ಕ ನೋಡಿ. 200 ಮನೆಗಳ ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ಪ್ರತಿ ಮನೆಯಲ್ಲೂ 14.2 ಕೆ.ಜಿ.ಯ ಎರಡೆರಡು ಸಿಲಿಂಡರ್ ಇದ್ದರೆ ಒಟ್ಟು 5,680 ಕೆ.ಜಿ. ಗ್ಯಾಸ್ ಅಡುಗೆಮನೆಗಳಲ್ಲಿ ಹಂಚಿಹೋಗಿರುತ್ತದೆ. ಅದೇ ಜಾಗದಲ್ಲಿ 19 ಕೆ.ಜಿ.ಯ 40 ಸಿಲಿಂಡರಿನ ಗ್ಯಾಸ್ ಬ್ಯಾಂಕ್ ಇದ್ದರೆ ಒಟ್ಟು 760 ಕೆ.ಜಿ. ಅಷ್ಟೇ! ಅಂದರೆ ಗ್ಯಾಸ್ ಬ್ಯಾಂಕಿನಿಂದ ಕಟ್ಟಡದೊಳಗಿನ ಗ್ಯಾಸ್ ಕಡಿಮೆಯಾಗುತ್ತೆ, ಮಲಗುವ ಕೋಣೆಯ ಪಕ್ಕದಿಂದ ದೂರವೂ ಹೋಗುತ್ತೆ. ಮನೆಯೊಳಗಿನ ಸಿಲಿಂಡರ್ ಏನು ಮಾಡಬಲ್ಲದು ಅಂತ ಪ್ರತಿ ವರ್ಷ ಪೇಪರಿನಲ್ಲಿ ಓದುತ್ತಲೇ ಇರ್ತೀವಲ್ಲ.

ಬುಲೆಟ್ ಟ್ಯಾಂಕಿನ ಲೆಕ್ಕ ಬೇರೆ. 10 ಟನ್ನಿನ ಟ್ಯಾಂಕ್ ತುಂಬಿದ್ದರೆ ಅದು ನಮ್ಮ ಮನೆಯ ಸುಮಾರು 700 ಸಿಲಿಂಡರಿಗೆ ಸಮ. ಅಷ್ಟೂ ಒಂದೇ ಕಡೆ!

ಇಲ್ಲಿಯೇ ನನಗೆ ಮುಖ್ಯ ಅನಿಸಿದ ವಿಷಯ ಇರೋದು. ನಮ್ಮ ಅಡುಗೆಮನೆಯ ಸಿಲಿಂಡರಿಗೆ ಒಬ್ಬ ಯಜಮಾನಿ ಇದ್ದಾಳೆ. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡೋಳು ಅವಳು, ಟ್ಯೂಬ್ ಬಿರುಕು ಬಿಟ್ಟಿದೆಯಾ ನೋಡೋಳು ಅವಳು, ಚೂರು ವಾಸನೆ ಬಂದರೂ ಮೂಗು ಅರಳಿಸೋಳು ಅವಳು. ಕಾಂಪೌಂಡಿನ ಟ್ಯಾಂಕಿಗೆ? ಅದು ಎಲ್ಲರದ್ದು. ಎಲ್ಲರದ್ದು ಅಂದ್ರೆ ನಮ್ಮಲ್ಲಿ ಯಾರದ್ದೂ ಅಲ್ಲ ಅಂತಲೇ ಅರ್ಥ ತಾನೇ? ಬಿಲ್ಡರ್ ಇರುವ ತನಕ ಬಿಲ್ಡರ್ ನೋಡ್ಕೋತಾನೆ ಅಂತೀವಿ. ಅವನು ಕೈಬಿಟ್ಟ ಮೇಲೆ ಅಸೋಸಿಯೇಷನ್ ಅಂತೀವಿ. ಅಸೋಸಿಯೇಷನ್ ಕಮಿಟಿ ವರ್ಷ ವರ್ಷ ಬದಲಾಗುತ್ತೆ. ಟ್ಯಾಂಕಿನ ವಯಸ್ಸು ಮಾತ್ರ ಏರುತ್ತಲೇ ಹೋಗುತ್ತೆ.

ಹಾಗಾಗಿ ಮನೆ ಎಷ್ಟು ದೂರ ಅನ್ನೋದು ಅರ್ಧ ಪ್ರಶ್ನೆ. ಯಾರು ನೋಡಿಕೊಳ್ತಾರೆ ಅನ್ನೋದು ಉಳಿದರ್ಧ.

ಭಯ ಎಲ್ಲಿರಬೇಕು?

ಎಲ್‌ಪಿಜಿಯ ಗುಣ ತಿಳಿದುಕೊಂಡರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದು ಗೊತ್ತಾಗುತ್ತೆ. ಟ್ಯಾಂಕಿನೊಳಗೆ ಅದು ದ್ರವ. ಹೊರಬಂದ ಕೂಡಲೇ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹೊತ್ತಿಕೊಳ್ಳಲು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗಲ್ಲ, ನೀರಿನ ಹಾಗೆ ತಗ್ಗಿಗೆ ಹರಿಯುತ್ತೆ. ಚರಂಡಿ, ಮ್ಯಾನ್‌ಹೋಲ್, ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುವ ದಾರಿ, ನೆಲಮಹಡಿಯ ಬಾಗಿಲು... ಇವೇ ಅದರ ಹಾದಿ.

2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಆದದ್ದು ನೆನಪಿದೆಯಾ? ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿತು, ಸೋರಿದ ಗ್ಯಾಸಿಗೆ ಬೆಂಕಿ ಹೊತ್ತಿತು. ರಸ್ತೆ ಪಕ್ಕದ ಮನೆಗಳು ಸುಟ್ಟವು, ತಮ್ಮ ಪಾಡಿಗೆ ತಾವಿದ್ದವರೂ ಜೀವ ಕಳೆದುಕೊಂಡರು. ಅದಕ್ಕೆ ಎಂಟು ತಿಂಗಳ ಹಿಂದೆ, 2012ರ ಆಗಸ್ಟ್ 27ರಂದು, ಕೇರಳದ ಕಣ್ಣೂರು ಬಳಿಯ ಚಾಲದಲ್ಲಿ ಇಂಥದ್ದೇ ಟ್ಯಾಂಕರ್ ಅವಘಡಕ್ಕೆ 20 ಜನ ಬಲಿಯಾಗಿದ್ದರು.

ಎರಡೂ ಕಡೆ ಅನಾಹುತ ಆದದ್ದು ಲಾರಿಯಿಂದ, ಜಾಗದಲ್ಲಿ ಕೂತಿದ್ದ ಟ್ಯಾಂಕಿನಿಂದಲ್ಲ. ದಪ್ಪ ಉಕ್ಕಿನ ಟ್ಯಾಂಕ್ ತಾನಾಗಿ ಒಡೆಯೋದು ಬಹಳ ಅಪರೂಪ. ಸೋರಿಕೆ ಶುರುವಾಗೋದು ಹೆಚ್ಚಾಗಿ ವಾಲ್ವ್, ಹೋಸ್ ಪೈಪ್, ಜೋಡಣೆ ಇರುವ ಕಡೆ. ಅದರಲ್ಲೂ ಲಾರಿಯಿಂದ ಗ್ಯಾಸ್ ಇಳಿಸುವಾಗ ಅಥವಾ ಸಿಲಿಂಡರ್ ಬದಲಿಸುವಾಗ. ಆದ್ದರಿಂದ ಮನೆ ನೋಡಲು ಹೋದಾಗ ಟ್ಯಾಂಕ್ ಮಾತ್ರ ನೋಡಬೇಡಿ. ಲಾರಿ ಯಾವ ದಾರಿಯಲ್ಲಿ ಬರುತ್ತೆ, ಎಲ್ಲಿ ನಿಲ್ಲುತ್ತೆ, ಆ ಹೊತ್ತಿಗೆ ಮಕ್ಕಳು ಎಲ್ಲಿ ಆಡ್ತಿರ್ತಾರೆ ಅದನ್ನೂ ನೋಡಿ. ನೆಲಮಹಡಿ ಮನೆಯಾದರೆ ಟ್ಯಾಂಕಿಗಿಂತ ತಗ್ಗಿನಲ್ಲಿದೆಯಾ ಗಮನಿಸಿ. ಮಳೆನೀರು ಯಾವ ಕಡೆ ಹರಿದು ನಿಲ್ಲುತ್ತೆ ಅಂತ ವಾಚ್‌ಮನ್ ಕೇಳಿ. ಗ್ಯಾಸ್ ಸೋರಿದರೂ ಆ ತಗ್ಗಿನಲ್ಲೇ ಸೇರೋದು.

ಟ್ಯಾಂಕ್ ಗೋಡೆಯಾಚೆ ಇದ್ದರೆ?

ಕೆಲವೊಮ್ಮೆ ಟ್ಯಾಂಕ್ ನಮ್ಮ ಕಾಂಪೌಂಡಿನದ್ದೇ ಆಗಿರೋಲ್ಲ. ಪೀಣ್ಯದಂಥ ಕಡೆ ಕಾರ್ಖಾನೆ ಮತ್ತು ಮನೆ ಬೆನ್ನಿಗೆ ಬೆನ್ನು ಕೊಟ್ಟೇ ನಿಂತಿವೆ. ಪೇಂಟ್ ಒಣಗಿಸಲು, ಲೋಹ ಕಾಯಿಸಲು ಎಲ್‌ಪಿಜಿ ಬಳಸುವ ಕಾರ್ಖಾನೆಗಳಿರುತ್ತವೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ನಿಮ್ಮ ಟ್ಯಾಂಕಿನ ಬಗ್ಗೆ ಜಗಳ ಆಡಬಹುದು, ಪಕ್ಕದ ಕಾರ್ಖಾನೆಯ ಟ್ಯಾಂಕಿನ ಬಗ್ಗೆ ಆಡೋಕಾಗುತ್ತಾ?

ವೈಟ್‌ಫೀಲ್ಡಿನ ಆಚೆ, ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ಟರ್ಮಿನಲ್‌ಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ 362 ಕಿ.ಮೀ. ಉದ್ದದ ಪೆಟ್ರೋಲ್–ಡೀಸೆಲ್ ಪೈಪ್‌ಲೈನ್ 2003ರಿಂದ ಅಲ್ಲಿಗೇ ಬಂದು ಮುಟ್ಟುತ್ತಿದೆ. ಇಂಥವನ್ನು ಊರಾಚೆ ಇಡೋದೇ ಜನವಸತಿಯಿಂದ ದೂರ ಇರಲಿ ಅಂತ. ಆದರೆ ನಮ್ಮ ಬೆಂಗಳೂರು ಬೆಳೆಯುವ ವೇಗದಲ್ಲಿ ‘ಊರಾಚೆ’ ಅನ್ನೋದು ಎಷ್ಟು ದಿನ ಊರಾಚೆಯೇ ಇರುತ್ತೆ ಹೇಳಿ? ಟ್ಯಾಂಕ್ ಊರಿಗೆ ಬರದಿದ್ದರೂ ಊರೇ ಟ್ಯಾಂಕಿನ ಹತ್ತಿರ ಹೋಗುತ್ತದೆ.

ಮೆಕ್ಸಿಕೊ ದೇಶದಲ್ಲಿ ಆದದ್ದೂ ಇದೇ. ರಾಜಧಾನಿಯ ಅಂಚಿನ ಸಾನ್ ಹುವಾನಿಕೊ ಎಂಬಲ್ಲಿ ಎಲ್‌ಪಿಜಿ ಸಂಗ್ರಹಾಗಾರ ಮೊದಲು ಬಂತು, ಮನೆಗಳು ಆಮೇಲೆ ಅದರ ಬೇಲಿಯ ಹತ್ತಿರಕ್ಕೆ ಬಂದವು. 1984ರ ನವೆಂಬರ್ 19ರ ಮುಂಜಾನೆ ಒಂದು ಪೈಪ್ ಒಡೆದು ಗ್ಯಾಸ್ ಸೋರಿತು, ಒಂದಾದ ಮೇಲೊಂದು ಟ್ಯಾಂಕ್ ಸಿಡಿದವು. ಸುಮಾರು 500 ಜನ ಸತ್ತರು. ಅದಾಗಿ ಎರಡೇ ವಾರಕ್ಕೆ ನಮ್ಮ ಭೋಪಾಲ್ ದುರಂತ. ಜೈಪುರದ ಸೀತಾಪುರದಲ್ಲಿ 2009ರ ಅಕ್ಟೋಬರ್ 29ರಂದು ಪೆಟ್ರೋಲ್ ಸೋರಿ ತೈಲ ಡಿಪೊಗೆ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ದೂರದ ಕಟ್ಟಡಗಳ ಕಿಟಕಿ ಗಾಜುಗಳೂ ಪುಡಿಯಾದವು.

ಹೆದರಿಸಲಿಕ್ಕೆ ಇದನ್ನೆಲ್ಲ ಹೇಳ್ತಿಲ್ಲ. ಅಪಾರ್ಟ್‌ಮೆಂಟಿನ ಗ್ಯಾಸ್ ಬ್ಯಾಂಕ್ ಬೇರೆ, ಕಂಪನಿಗಳ ಭಾರಿ ಸಂಗ್ರಹಾಗಾರ ಬೇರೆ ಅನ್ನೋ ವ್ಯತ್ಯಾಸ ತಿಳಿದಿರಲಿ ಅಂತ. ಮೊದಲನೆಯದು ಸರಿಯಾಗಿದೆಯಾ ಅಂತ ನಾವೇ ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಿಸಬಹುದು. ಎರಡನೆಯದರ ಮೇಲೆ ನಮ್ಮ ಹಿಡಿತ ಏನೂ ಇಲ್ಲ. ಭಾರಿ ಸಂಗ್ರಹಾಗಾರದ ಗೋಡೆಗೆ ಅಂಟಿದ ಸೈಟು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಪೈಪ್ ಗ್ಯಾಸ್ ಬಂದ್ರೆ ಚಿಂತೆ ಇಲ್ವಾ?

2013ರಲ್ಲಿ ದಾಭೋಲ್–ಬೆಂಗಳೂರು ಪೈಪ್‌ಲೈನ್ ಬಂದ ಮೇಲೆ ನಗರಕ್ಕೆ ನೈಸರ್ಗಿಕ ಅನಿಲ ಬಂತು. ಗೇಲ್ ಗ್ಯಾಸ್ ಸಂಸ್ಥೆ ಅದನ್ನು ಮನೆಗಳಿಗೆ ಕೊಡುತ್ತಿದೆ, ಹಲವು ಅಪಾರ್ಟ್‌ಮೆಂಟ್‌ಗಳು ಇದಕ್ಕೆ ಬದಲಾಗಿವೆ. ಇದು ಗಾಳಿಗಿಂತ ಹಗುರ, ಸೋರಿದರೆ ಮೇಲೆ ಹೋಗಿ ಚದುರುತ್ತದೆ. ಕಾಂಪೌಂಡಿನಲ್ಲಿ ಟನ್‌ಗಟ್ಟಲೆ ಕೂಡಿಡುವ ಅಗತ್ಯವೂ ಇಲ್ಲ. ಆ ಮಟ್ಟಿಗೆ ಮೇಲು.

ಆದರೆ ಇದಕ್ಕೂ ಯಜಮಾನಿಕೆ ಬೇಕೇ ಬೇಕು. 2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಬಡಾವಣೆಯಲ್ಲಿ ರಸ್ತೆ ಅಗೆಯುವಾಗ ಗ್ಯಾಸ್ ಪೈಪಿಗೆ ಪೆಟ್ಟು ಬಿದ್ದು, ಸೋರಿದ ಗ್ಯಾಸ್ ಹತ್ತಿರದ ಮನೆಗೆ ಸೇರಿ ಸ್ಫೋಟವಾಯಿತು, ಜನ ಗಾಯಗೊಂಡರು. ನಮ್ಮ ರಸ್ತೆಗಳನ್ನು ಅಗೆಯುವವರು ಒಬ್ಬರಾ ಇಬ್ಬರಾ! ಇನ್ನೊಂದು ಮಾತು: “ಪೈಪ್ ಗ್ಯಾಸ್ ಬಂದಿದೆ ಮೇಡಂ” ಅಂತ ಬ್ರೋಕರ್ ಅಂದ ಕೂಡಲೇ ತಲೆಯಾಡಿಸಬೇಡಿ. ಪೈಪಿನಲ್ಲಿ ಬರ್ತಿರೋದು ನೈಸರ್ಗಿಕ ಅನಿಲವೋ, ಮೂಲೆಯ ಟ್ಯಾಂಕಿನ ಎಲ್‌ಪಿಜಿಯೋ ಕೇಳಿ. ನೈಸರ್ಗಿಕ ಅನಿಲ ಬಂದಿದ್ದರೆ ಹಳೆಯ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೆಗೆದಿದ್ದಾರಾ, ಸುಮ್ಮನೆ ಬಿಟ್ಟಿದ್ದಾರಾ ಅಂತಲೂ ಕೇಳಿ.

ಅಡ್ವಾನ್ಸ್ ಕೊಡುವ ಮುಂಚೆ

* ಲೈಸೆನ್ಸ್: ಇಂಥ ಟ್ಯಾಂಕುಗಳಿಗೆ ಅನುಮತಿ ಕೊಡೋದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ‘ಪೆಸೊ’ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಮೊದಲು ಇದನ್ನು ಸ್ಫೋಟಕಗಳ ಇಲಾಖೆ ಅಂತಿದ್ದರು. 100 ಕೆ.ಜಿ.ಗಿಂತ ಹೆಚ್ಚು ಎಲ್‌ಪಿಜಿಯನ್ನು ಸಿಲಿಂಡರುಗಳಲ್ಲಿ ಕೂಡಿಡಲೂ ಲೈಸೆನ್ಸ್ ಬೇಕು. ಅದರ ಪ್ರತಿ ಕೇಳಿ. ಅವಧಿ ಮುಗಿದಿದೆಯಾ, ಯಾರ ಹೆಸರಲ್ಲಿದೆ ನೋಡಿ. ಊರು ಬಿಟ್ಟ ಬಿಲ್ಡರ್ ಹೆಸರಲ್ಲೇ ಇನ್ನೂ ಇದ್ದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

* ದೂರ: ಟ್ಯಾಂಕ್ ದೊಡ್ಡದಾದಷ್ಟೂ ಸುತ್ತ ಬಿಡಬೇಕಾದ ಜಾಗವೂ ಹೆಚ್ಚು. 2016ರ ನಿಯಮಗಳಲ್ಲಿ ಇದರ ಪಟ್ಟಿಯೇ ಇದೆ. ತೀರಾ ಚಿಕ್ಕದಕ್ಕೆ ಕೆಲವೇ ಮೀಟರ್ ಸಾಕು, ನೆಲದ ಮೇಲಿನ ಭಾರಿ ಟ್ಯಾಂಕಿಗೆ 30 ಮೀಟರ್ ಅಥವಾ ಅದಕ್ಕೂ ಹೆಚ್ಚು ಬೇಕು. ಲೈಸೆನ್ಸಿನ ಜೊತೆ ಮಂಜೂರಾದ ನಕ್ಷೆ ಇರುತ್ತದೆ. ನಕ್ಷೆಯಲ್ಲಿ ಖಾಲಿ ಎಂದಿರುವ ಜಾಗದಲ್ಲಿ ಈಗ ಶೆಡ್ಡು, ಪಾರ್ಕಿಂಗ್, ಜಾರುಬಂಡೆ ಬಂದಿದೆಯಾ ನೀವೇ ನಡೆದು ನೋಡಿ.

* ಪರೀಕ್ಷೆ: ಬುಲೆಟ್ ಟ್ಯಾಂಕಿಗೆ ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು, ಸೇಫ್ಟಿ ವಾಲ್ವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಸರ್ಟಿಫಿಕೇಟ್ ತೋರಿಸಿ ಅನ್ನಿ. ಅಗ್ನಿಶಾಮಕ ಇಲಾಖೆಯ ಪತ್ರವನ್ನೂ ಕೇಳಿ.

* ಜನ: ರಾತ್ರಿ ಎರಡು ಗಂಟೆಗೆ ಗ್ಯಾಸ್ ಸೋರಿದರೆ ಮೇನ್ ವಾಲ್ವ್ ಮುಚ್ಚೋದು ಯಾರು? ಬೇಲಿಯ ಬೀಗದ ಕೈ ಯಾರ ಹತ್ತಿರ ಇದೆ? ಇದನ್ನು ಸೆಕ್ರೆಟರಿಗಿಂತ ಮೊದಲು ಗೇಟಿನ ಸೆಕ್ಯೂರಿಟಿಯವನನ್ನು ಕೇಳಿ. ಅವನಿಗೆ ಗೊತ್ತಿದ್ದರೆ ಅರ್ಧ ಧೈರ್ಯ ಬಂದ ಹಾಗೆ.

* ದುಡ್ಡು: ಗ್ಯಾಸ್ ನಿರ್ವಹಣೆಯ ವಾರ್ಷಿಕ ಕರಾರು ಯಾರ ಜೊತೆ ಇದೆ, ಅದರ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ, ಯೂನಿಟ್ ದರ ಯಾರು ನಿಗದಿ ಮಾಡ್ತಾರೆ ತಿಳಿದುಕೊಳ್ಳಿ.

* ಹೊಸ ಮನೆಯಾದರೆ: ರೇರಾ ಕಾಯ್ದೆ ಪ್ರಕಾರ ನೋಂದಾಯಿತ ಕರಾರು ಆಗದೆ ಬಿಲ್ಡರ್ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ್ದಾಗಲಿ, ಸೇವೆಗಳದ್ದಾಗಲಿ ದೋಷ ಕಂಡುಬಂದರೆ ಅವನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಮಂಜೂರಾದ ನಕ್ಷೆ ರೇರಾ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಕಾಗದ ಕೇಳಿದರೆ “ಮೇಡಂ, ಇದನ್ನೆಲ್ಲ ಯಾರೂ ಕೇಳಲ್ಲ” ಅನ್ನುತ್ತಾರೆ. ನಗುತ್ತಲೇ “ನಾನು ಕೇಳ್ತಿದೀನಲ್ಲ” ಅನ್ನಿ. ಆಗಲೂ ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪೆಸೊಗೇ ಅರ್ಜಿ ಹಾಕಬಹುದು. ಕಾಗದವೇ ಇಲ್ಲ ಅಂತ ಗೊತ್ತಾದರೆ ಆ ಮನೆಯ ಆಸೆ ಬಿಟ್ಟುಬಿಡಿ. ಅಡ್ವಾನ್ಸ್ ಕೊಟ್ಟ ಮೇಲೆ ಇದನ್ನೆಲ್ಲ ಕೇಳೋದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ವಾಸನೆ ಬಂದ್ರೆ ಏನ್ ಮಾಡ್ಬೇಕು?

ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಅಂತಲೇ ಆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಕಾಂಪೌಂಡಿನಲ್ಲಿ ಆ ವಾಸನೆ ಗಾಢವಾಗಿ ಬಂದರೆ ಸ್ವಿಚ್ ಹಾಕಬೇಡಿ, ತೆಗೆಯಲೂ ಬೇಡಿ. ಒಲೆ, ದೇವರ ದೀಪ ಆರಿಸಿ. ಲಿಫ್ಟ್ ಬೇಡ, ಮೆಟ್ಟಿಲಿಳಿದು ಟ್ಯಾಂಕಿನಿಂದ ದೂರ, ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ ನಡೆಯಿರಿ. ಕಾರು ತೆಗೆಯಲು ಬೇಸ್‌ಮೆಂಟಿಗೆ ಮಾತ್ರ ಓಡಲೇಬೇಡಿ! ಗ್ಯಾಸ್ ಬಂದು ಕೂರುವ ಜಾಗವೇ ಅದು, ಕಾರು ಸ್ಟಾರ್ಟ್ ಮಾಡಿದ ಕಿಡಿ ಸಾಕು. ದೂರ ಹೋದ ಮೇಲೆ ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112ಕ್ಕೆ ಫೋನ್ ಮಾಡಿ. ಇದನ್ನು ಮಕ್ಕಳಿಗೂ, ಮನೆಕೆಲಸದವರಿಗೂ ಹೇಳಿಕೊಡಿ. ಹಗಲಿಡೀ ಮನೆಯಲ್ಲಿ ಇರೋರು ಅವರೇ ತಾನೇ?

ಕೊನೆಗೆ ನಾದಿನಿ ಏನು ಮಾಡಿದಳು?

ಪಟ್ಟಿ ಹಿಡಿದು ಹೋಗಿ ಕೇಳಿದಳು. ಲೈಸೆನ್ಸ್ ಇತ್ತು, ಅಸೋಸಿಯೇಷನ್ ಹೆಸರಿಗೆ ಬದಲಾಗಿತ್ತು. ಅಗ್ನಿಶಾಮಕದ ಪತ್ರವೂ ಇತ್ತು. ಆದರೆ ಐದು ವರ್ಷದ ಒತ್ತಡದ ಪರೀಕ್ಷೆ ಆಗಿರಲಿಲ್ಲ. ಗಡುವು ದಾಟಿ ವರ್ಷವಾಗಿತ್ತು. ಇನ್ನೂರು ಮನೆಯಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ! ಕೊಳ್ಳಲು ಬಂದ ಹೊರಗಿನವಳು ಕೇಳಿದ ಮೇಲೆ ಮೀಟಿಂಗ್ ಆಯ್ತು, ಎರಡು ತಿಂಗಳಲ್ಲಿ ಪರೀಕ್ಷೆಯೂ ಆಯ್ತು, ಜಾರುಬಂಡೆ ಇನ್ನೊಂದು ಮೂಲೆಗೆ ಹೋಯ್ತು.

ಅಷ್ಟರಲ್ಲಿ ಆ ನೆಲಮಹಡಿ ಮನೆ ಬೇರೆಯವರ ಪಾಲಾಗಿತ್ತು. “ಹೋಗ್ಲಿ ಬಿಡಿ ಅತ್ತಿಗೆ, ಹೇಗೂ ಅದು ಟ್ಯಾಂಕಿಗಿಂತ ತಗ್ಗಿನಲ್ಲಿತ್ತು” ಅಂದಳು. ಅದೇ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕಿನಲ್ಲಿ ಮೂರನೇ ಮಹಡಿಯ ಮನೆ ಸ್ವಲ್ಪ ಹೆಚ್ಚು ಕೊಟ್ಟು ಕೊಂಡಳು. ಅಂಗೈಯಗಲದ ತೋಟದ ಆಸೆ ಕುಂಡಗಳಿಗೆ ಬಂದು ನಿಂತಿದೆ. ಅಸೋಸಿಯೇಷನ್‌ನವರು ಈಗ ಗ್ಯಾಸ್ ಕಾಗದಪತ್ರದ ಫೈಲನ್ನು ಇವಳ ಕೈಗೇ ಕೊಟ್ಟಿದ್ದಾರಂತೆ. ಮುಂದಿನ ವಾಲ್ವ್ ಪರೀಕ್ಷೆಯ ದಿನಾಂಕವನ್ನು ಹಾಲಿನವನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.

ನಿಮ್ಮ ಕಾಂಪೌಂಡಿನಲ್ಲೂ ಟ್ಯಾಂಕ್ ಇದೆಯಾ? ಹಾಗಾದರೆ ಇವತ್ತು ಸಂಜೆ ವಾಕಿಂಗಿಗೆ ಹೋದಾಗ ಒಂದು ಮಾತು ಕೇಳಿ ನೋಡಿ: “ಅದರ ಬೀಗದ ಕೈ ಯಾರ ಹತ್ರ ಇದೆ?”